ಯಂಕೋಬನ ಬಲಗಾಲು

ಎಂಟು ವರ್ಷಗಳ ಹಿಂದೆ, ಜನವರಿಯ ಒಂದು ಭಾನುವಾರ, ಸಿಂಧನೂರಿನಲ್ಲಿ ನಡೆದ ಫುಟ್‌ಬಾಲ್ ಆಯ್ಕೆಯಲ್ಲಿ, ದಢೇಸುಗೂರಿನ ಯಂಕೋಬನ ಬಲಮೊಣಕಾಲು ಕೆಟ್ಟಿದೆ ಎಂದು ನಾನು ಹೇಳಿದೆ. ಅದು ಸುಳ್ಳು.

ನಾನು ಬೆಂಗಳೂರಿನ ಒಂದು ಕ್ಲಬ್ಬಿಗೆ ಆಡಿದವನು. ಆಟ ನಿಂತ ಮೇಲೆ ಅಕಾಡೆಮಿಯೊಂದಕ್ಕೆ ಆಟಗಾರರನ್ನು ಹುಡುಕಿಕೊಡುವ ಕೆಲಸ. ಲಿಂಗಸುಗೂರು, ಮಸ್ಕಿ, ಸಿಂಧನೂರು ನನ್ನ ಪಾಲಿಗೆ ಬಂದಿದ್ದವು. ಯಂಕೋಬನನ್ನು ಕಂಡು ಆಯ್ಕೆಗೆ ಕರೆದವನೂ ನಾನೇ — ಭತ್ತ ಕೊಯ್ದ ಗದ್ದೆಯಲ್ಲಿ ಬರಿಗಾಲಲ್ಲಿ ಆಡುತ್ತಿದ್ದ.

ಕೊಯ್ದುಳಿದ ಕೂಳೆಯ ಮೇಲೆ ಆಡಿ ಬೆಳೆದವರು, ಚುಚ್ಚಬಾರದೆಂದು, ಓಡುವಾಗ ಕಾಲನ್ನು ತೀರ ಎತ್ತರಕ್ಕೆ ಎತ್ತುತ್ತಾರೆ. ಹುಲ್ಲಿನ ಮೈದಾನಕ್ಕೆ ಬಂದ ಮೇಲೂ ಆ ಅಭ್ಯಾಸ ಕೆಲವು ತಿಂಗಳು ಇರುತ್ತದೆ. ನನಗೂ ಇತ್ತು. ನನ್ನೂರು ಗುರುಗುಂಟಾದ ಜೋಳದ ಹೊಲದಿಂದ ಕ್ಲಬ್ಬಿಗೆ ಹೋದಾಗ ಜೊತೆಯವರು ಕೂಗುತ್ತಿದ್ದರು: “ಏಯ್ ಕೊಕ್ಕರೆ, ಗದ್ದೆ ಮುಗೀತು, ಕಾಲು ಇಳಿಸೋ.” ಅಭ್ಯಾಸ ಹೋಯಿತು. ಊರಿನ ಹೆಸರು ಹೇಳುವುದನ್ನೂ ಆಗಲೇ ಬಿಟ್ಟೆ — ಕೇಳಿದವರಿಗೆ ಬಳ್ಳಾರಿ ಎನ್ನುತ್ತಿದ್ದೆ.

ಆ ಭಾನುವಾರ ಅಕಾಡೆಮಿಯ ತರಬೇತುದಾರರು ನಕ್ಕರು. “ಏನ್ರೀ ಇವನು, ಕೊಕ್ಕರೆ ಥರ ಓಡ್ತಾನೆ? ಮಂಡಿ ಕೆಟ್ಟಿದೆಯಾ?”

ಕೂಳೆಯ ವಿಷಯ ಹೇಳಬೇಕಿತ್ತು. ನಿಮಗೆ ಹೇಗೆ ಗೊತ್ತು ಎಂದು ಅವರು ಕೇಳಿದ್ದರೆ ನನ್ನ ಊರನ್ನೂ ಹೇಳಬೇಕಾಗುತ್ತಿತ್ತು.

“ಹೌದು ಸರ್, ಬಲಮಂಡಿಗೆ ಹಳೇ ಪೆಟ್ಟು” ಎಂದೆ.

ಯಂಕೋಬ ಪಕ್ಕದಲ್ಲೇ ಇದ್ದ. ಕೇಳಿಸಿಕೊಂಡ. ತನಗೆ ಪೆಟ್ಟೇ ಬಿದ್ದಿಲ್ಲ ಎನ್ನಲಿಲ್ಲ. ತನ್ನ ಮೊಣಕಾಲನ್ನು ನೋಡಿಕೊಂಡ. ನಾನು ಮುಂದಿನವನನ್ನು ಕರೆದೆ. ಆಗ ಏನೂ ಅನ್ನಿಸಲಿಲ್ಲ, ಊಟವನ್ನೂ ಮಾಡಿದೆ.

ಕಳೆದ ತಿಂಗಳು ಮಸ್ಕಿ ಬಸ್ ನಿಲ್ದಾಣದಲ್ಲಿ ಅವನೇ ಬಂದು ಮಾತಾಡಿಸಿದ. ಸಿಂಧನೂರಿನ ಗೊಬ್ಬರದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾನೆ. ಬಲಮೊಣಕಾಲಿಗೆ ಪಟ್ಟಿ ಹಾಕಿಕೊಂಡಿದ್ದ.

“ಅವತ್ತ ಆಟ ಬಿಟ್ಟೀನ್ರಿ ಸರ. ಅಪ್ಪ ಗಿರಣ್ಯಾಗ ಚೀಲಾ ಹೊರಾಕೂ ಬಿಡಲಿಲ್ಲ. ನೀವು ಹೇಳಿದ್ದು ಚಲೋ ಆತು, ಇಲ್ಲಂದ್ರ ಕಾಲು ಪೂರಾ ಹೋಗ್ತಿತ್ತು.”

“ಡಾಕ್ಟರಿಗೆ ತೋರ್ಸಿದೇನು?”

“ಏನೂ ಇಲ್ಲ ಅಂದ್ರು. ಅವರಿಗೇನ್ ತಿಳೀತೈತ್ರಿ? ನೀವು ಆಡಿದವ್ರು.”

ಅಲ್ಲೇ ನಿಂತು ಎಲ್ಲವನ್ನೂ ಹೇಳಿದೆ — ಕೂಳೆ, ನನ್ನ ಊರು, ನನ್ನ ಕಾಲು. ಕ್ಷಮೆ ಕೇಳುವ ಮಾತು ಬಾಯಿಗೆ ಬಂದು — ಅದು ಅವನಿಗೆ ಯಾವ ಉಪಯೋಗಕ್ಕೆ?

ಅವನು ಬಗ್ಗಿ ಮೊಣಕಾಲಿನ ಪಟ್ಟಿಯನ್ನು ಮುಟ್ಟಿ ನೋಡಿಕೊಂಡ.

“ಹಂಗಾರ ನನ್ನ ಕಾಲು ಚಲೋ ಐತೇನ್ರಿ?”

“ಚಲೋ ಐತಪ. ಮೊದಲಿಂದನೂ.”

ಸಿಂಧನೂರಿನ ಬಸ್ ಬಂತು. ಅವನು ಕಂಬಿ ಹಿಡಿದು, ಎಡಗಾಲನ್ನು ಮೊದಲು ಮೆಟ್ಟಿಲ ಮೇಲಿಟ್ಟು, ಬಲಗಾಲಿಗೆ ಭಾರ ಬೀಳದಂತೆ ಹತ್ತಿದ.