ಚೊಂಬಿಗೆ ಹೇಳುತ್ತಿದ್ದ ಮಾತು

ಜಯಮ್ಮ, ಆ ಸಿನಿಮಾದ ಮಾತುಗಳು ನನ್ನವಲ್ಲ. ನೀನು ಆಡಿದ್ದನ್ನು ನಾನು ಕದ್ದೆ. ಕದ್ದದ್ದು ಸಾಲದೆಂದು ತುಂಬಿದ ಸಭೆಯಲ್ಲಿ ನಿನ್ನನ್ನು ಮೂಗಿಯನ್ನಾಗಿ ಮಾಡಿದೆ. ಇಪ್ಪತ್ತೆಂಟು ವರ್ಷ ಬಾಯಿಬಿಡಲಾರದೆ ಈಗ ಕಾಗದದ ಮೇಲೆ ಹೇಳುತ್ತಿದ್ದೇನೆ — ಎದುರಿಗೆ ಕೂತು ಹೇಳುವ ಧೈರ್ಯ ಇನ್ನೂ ಬಂದಿಲ್ಲ.

ಮಾಗಡಿಯಲ್ಲಿ ನಾನು ಮೇಷ್ಟ್ರಾಗಿದ್ದ ಕಾಲ. ಸಿಟ್ಟು ಬಂದರೆ ನೀನು ನನ್ನೊಡನೆ ಮಾತು ಬಿಡುತ್ತಿದ್ದೆ. ಹೇಳಬೇಕಾದ್ದನ್ನೆಲ್ಲ ನನಗೆ ಕೇಳುವ ಹಾಗೆ ನೀರಿನ ಚೊಂಬಿಗೆ ಹೇಳುತ್ತಿದ್ದೆ. "ಚೊಂಬೇ, ಮೇಷ್ಟ್ರಿಗೆ ಮನೆ ದಾರಿ ಮರ್ತೋಗಿತ್ತಂತೆ. ಮುದ್ದೆ ಆರೋಗೈತೆ ಅಂತ ಒಸಿ ಹೇಳ್ಬುಡು." ನಾನು ನಕ್ಕರೆ ಅಲ್ಲಿಗೆ ಜಗಳ ಮುಗಿಯಿತು. ನಗಿಸಲೆಂದೇ ಹಾಗೆ ಆಡುತ್ತಿದ್ದೆಯೋ ಏನೋ — ಒಮ್ಮೆಯೂ ಕೇಳಲಿಲ್ಲ.

ಆಮೇಲೆ ಸಿನಿಮಾಕ್ಕೆ ಸಂಭಾಷಣೆ ಬರೆಯುವ ಅವಕಾಶ ಬಂತು. ಚನ್ನಪಟ್ಟಣದ ಬೊಂಬೆ ಮಾಡುವವನೊಬ್ಬನಿಗೆ ದಿಢೀರನೆ ಹೆಸರು ಬಂದು, ಅದು ತಲೆಗೇರಿ, ಹೆಂಡತಿಯೊಡನೆ ಎಣ್ಣೆ ಸೀಗೆಕಾಯಿ ಆಗುವ ನಗೆಯ ಕಥೆ. ಆ ಹೆಂಡತಿಯ ಬಾಯಿಗೆ ನಿನ್ನ ಮಾತು ಹಾಕಿದೆ, ಕೈಗೊಂದು ಚೊಂಬು ಕೊಟ್ಟೆ. ನಿನಗೆ ತಿಳಿಸಲಿಲ್ಲ. ಜನ ಬಿದ್ದು ಬಿದ್ದು ನಕ್ಕರು. ಸಿನಿಮಾದ ಗಂಡನಿಗೆ ಆದದ್ದೇ ನನಗೂ ಆಯಿತು — ಶಾಲೆಗೆ ರಜೆ, ಬೆಂಗಳೂರಿನಲ್ಲೇ ಠಿಕಾಣಿ, ನೀನು ಸೀರೆ ಉಡುವ ರೀತಿಯೂ ನನಗೆ ನಾಚಿಕೆ ತರಿಸತೊಡಗಿತು.

ರಾಮನಗರದಲ್ಲಿ ಸನ್ಮಾನ. ನೀನು ಮುಂದಿನ ಸಾಲಿನಲ್ಲಿದ್ದೆ. ಇದು ನಿಮ್ಮ ಮನೆಯದೇ ಕಥೆಯಾ ಎಂದು ಯಾರೋ ಕೇಳಿದರು. ಹೌದೆಂದರೆ ನನ್ನ ಹೆಸರಿಗೆ ಎಲ್ಲಿ ಕುಂದೋ ಎಂದು — ಛೆ, ಎಂಥ ಸಣ್ಣತನ —

"ನಮ್ಮನೆಯವಳಿಗೆ ಮಾತೇ ಬರಲ್ಲ ಸ್ವಾಮಿ. ಎಲ್ಲಾ ನನ್ನ ತಲೆಯಿಂದ ಬಂದಿದ್ದು."

ಚಪ್ಪಾಳೆ ಬಿತ್ತು. ಪಕ್ಕದ ಹೆಂಗಸರು ನಿನ್ನತ್ತ ತಿರುಗಿ ನಕ್ಕರು. ನೀನೂ ನಕ್ಕೆ. ಬಸ್ಸಿನಲ್ಲಿ ಕಿಟಕಿಯತ್ತಲೇ ಮುಖ ಮಾಡಿ ಕೂತವಳು ಮಾಗಡಿಯಲ್ಲಿ ಇಳಿಯುವಾಗ ಮೆಲ್ಲಗೆ ಅಂದೆ:

"ನಾನಿನ್ನು ಏನೂ ಅನ್ನಲ್ಲ ಕಣ್ರೀ. ನೀವು ಯೋಳಿದ್ದು ಸುಳ್ಳಾಗ್ಬಾರ್ದಲ್ಲ."

ಮಾತು ಬಿಟ್ಟಿದ್ದರೆ ತಾಳಿಕೊಳ್ಳಬಹುದಿತ್ತು. ನೀನು ಊಟಕ್ಕೆ ಕರೆದೆ, ಮಗಳ ಮದುವೆಯ ವಿಚಾರ ಕೇಳಿದೆ, ಎಲ್ಲ ನೇರವಾಗಿ, ಮರ್ಯಾದೆಯಾಗಿ. ಜಗಳ ಮಾತ್ರ ಆಡಲಿಲ್ಲ, ಚೊಂಬಿಗೂ ಏನೂ ಹೇಳಲಿಲ್ಲ. ನೀನು ರೇಗಲೆಂದು ನಾನು ಬೇಕೆಂದೇ ತಡವಾಗಿ ಬಂದೆ, ಸೊಪ್ಪು ತರುವುದನ್ನು ಮರೆತವನಂತೆ ನಟಿಸಿದೆ. ನೀನೇ ಹೋಗಿ ತಂದುಬಿಟ್ಟೆ. ಅಡುಗೆಮನೆಯಿಂದ ಒಂದು ಗೊಣಗಾಟವಾದರೂ ಕೇಳೀತೆಂದು ಎಷ್ಟು ದಿನ ಕಿವಿಗೊಟ್ಟು ಕೂತಿದ್ದೆನೋ... ಮುಂದೆ ನಾನು ಬರೆದ ಯಾವ ಚಿತ್ರಕ್ಕೂ ಜನ ನಗಲಿಲ್ಲ. ಬರೆಯಲು ನನ್ನದು ಅಂತ ಏನಿತ್ತು?

ಬರುವ ಭಾನುವಾರ ಚನ್ನಪಟ್ಟಣದಲ್ಲಿ ಆ ಚಿತ್ರವನ್ನು ಮತ್ತೆ ತೋರಿಸುತ್ತಾರಂತೆ, ನನ್ನನ್ನು ಕರೆದಿದ್ದಾರೆ. ಎಲ್ಲರೆದುರು ನಿನ್ನ ಹೆಸರು ಹಿಡಿದು ಹೇಳುತ್ತೇನೆ. ನೀನು ಬರಬೇಕೆಂದು ಕೇಳುವುದಿಲ್ಲ. ಕ್ಷಮಿಸು ಎಂದೂ ಕೇಳುವುದಿಲ್ಲ. ಅಂದು ನಿನ್ನತ್ತ ತಿರುಗಿ ನಕ್ಕವರಲ್ಲಿ ಈಗ ಎಷ್ಟು ಜನ ಉಳಿದಿದ್ದಾರೋ — ತಡಮಾಡಿದೆ ಜಯಮ್ಮ, ಬಹಳ ತಡಮಾಡಿದೆ.