ಅಮಾಸಿಯಂದು ಪೂಜೆಯಾದ ಲಾಗಿನ್

ನಮ್ಮ ಖಾಸಗಿ ಶಿಕ್ಷಣ ಸಂಸ್ಥೆಗೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಅಂತ ನಾಲ್ಕು ಊರಲ್ಲಿ ಶಾಲೆಗಳಿವೆ. ನಾಲ್ಕಕ್ಕೂ ಸೇರಿ ಕಂಪ್ಯೂಟರ್ ನೋಡಿಕೊಳ್ಳುವವನು ಸಿಂದಗಿ ಕಚೇರಿಯಲ್ಲಿ ಕೂತ ನಾನೊಬ್ಬನೇ. ಹಾಜರಿ, ರಜೆ, ವರ್ಗಾವಣೆ ಎಲ್ಲ ಒಂದೇ ತಂತ್ರಾಂಶದಲ್ಲಿ. ಅದಕ್ಕೆ ಸಂಸ್ಥೆಯ ಹೆಸರು, ಕಟ್ಟಡದ ಚಿತ್ರ ಹಾಕಿ ಹೊಸ ಲಾಗಿನ್ ಪುಟ ಮಾಡಿಸಿದರು. ನಮ್ಮ ಕಡೆ ಅಮಾಸಿ ಪೂಜೆಯಿಲ್ಲದೆ ಹೊಸದೇನೂ ಶುರುವಾಗುವುದಿಲ್ಲ. ಅಮಾಸಿ ಬಿದ್ದದ್ದು ವರ್ಗಾವಣೆ ಅರ್ಜಿಯ ಕೊನೆಯ ದಿನವೇ! ನಾಳೆ ಮಾಡೋಣ ಎಂದರೆ ಕಾರ್ಯದರ್ಶಿಯವರು, "ಅಮಾಸಿ ಏನ್ ನಿಮ್ಮ ಸಲುವಾಗಿ ಕಾಯ್ತೈತೇನ್ರಿ?" ಎಂದರು. ಮಾನಿಟರಿಗೆ ವಿಭೂತಿ, ಕುಂಕುಮ ಹಚ್ಚಿ, ಕಾಯಿ ಒಡೆದು, ಪರದೆಯ ಮೇಲಿದ್ದ ವಿಳಾಸವನ್ನೇ ಎತ್ತಿ ಎಲ್ಲ ಶಾಲೆಗಳಿಗೂ ವಾಟ್ಸಾಪಿನಲ್ಲಿ ಕಳಿಸಿದರು.

ಮಧ್ಯಾಹ್ನ ಇಂಡಿ ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರೊಬ್ಬರು ಫೋನ್ ಮಾಡಿದರು. ಗಂಡ ಮತ್ತು ಬಾಲವಾಡಿಗೆ ಹೋಗುವ ಮಗಳು ಮುದ್ದೇಬಿಹಾಳದಲ್ಲಿ. ಇವರು ಇಂಡಿಯ ಬಾಡಿಗೆ ಖೋಲಿಯಲ್ಲಿ. ಭಾನುವಾರಕ್ಕೊಮ್ಮೆ ಮಗುವಿನ ಮುಖ ನೋಡುತ್ತಿದ್ದರು. ಮುದ್ದೇಬಿಹಾಳದಲ್ಲಿ ಜಾಗ ಖಾಲಿಯಾದ ಸುದ್ದಿ ಅವತ್ತು ಬೆಳಿಗ್ಗೆಯಷ್ಟೇ ಬಂದಿತ್ತು. ಸಂಜೆ ಐದರೊಳಗೆ ಅರ್ಜಿ ಹಾಕಬೇಕು, ಅದೂ ಅವರವರ ಶಾಲೆಯ ಕಂಪ್ಯೂಟರಿನಿಂದಲೇ.

"ಸರ, ಪಾಸ್‌ವರ್ಡ್ ಹೊಡೀತೇನ್ರಿ. ಒಳಗ ಹೋದಂಗ ಮಾಡಿ ತಿರುಗಿ ಅದ ಪುಟಕ್ಕ ತಂದು ನಿಲ್ಲಸ್ತೈತ್ರಿ."

"ಹಿಸ್ಟರಿ ಅಳಸ್ರಿ, ಅಕ್ಕೋರ."

ಅಳಿಸಿದರು. ತಿರುಗಿ ಅದೇ. ಬೇರೆ ಬ್ರೌಸರ್ ತೆರೆಸಿದೆ, ಕಂಪ್ಯೂಟರ್ ಬಂದ್ ಮಾಡಿಸಿ ಚಾಲೂ ಮಾಡಿಸಿದೆ, ಪಾಸ್‌ವರ್ಡ್ ಬದಲಿಸಿಕೊಟ್ಟೆ. ಗಾಣದ ಎತ್ತಿನ ಹಾಗೆ ಸುತ್ತಿ ಸುತ್ತಿ ಅಲ್ಲಿಗೇ. ನನ್ನ ಮಷಿನ್ನಿನಲ್ಲಿ ಮಾತ್ರ ಎಲ್ಲ ಸರಾಗ! ಸಿಟ್ಟು ನೆತ್ತಿಗೇರಿತು, ತೀರಿಸಿಕೊಳ್ಳುವುದು ಯಾರ ಮೇಲೆ? ತಂತ್ರಾಂಶದ ಕಂಪನಿಗೆ ಫೋನ್ ಹಚ್ಚಿದರೆ ಬರೀ ಸಂಗೀತ. ಕಾಗದದ ಅರ್ಜಿಯನ್ನಾದರೂ ತೆಗೆದುಕೊಳ್ಳಿ ಎಂದು ಕಾರ್ಯದರ್ಶಿಯವರನ್ನು ಬೇಡಿಕೊಂಡೆ. "ಒಬ್ಬರದು ತಗೊಂಡ್ರ ಎಲ್ಲಾರೂ ಹಿಡ್ಕೊಂಡ್ ಬರ್ತಾರ," ಎಂದು ಎದ್ದು ಹೋದರು.

ಐದು ಇನ್ನೇನು ಬಂತು ಎನ್ನುವಾಗ ಕೇಳಿದೆ, "ಅಕ್ಕೋರ, ಯಾವ ಲಿಂಕ್ ಒತ್ತಾಕತ್ತೀರಿ?"

"ಪೂಜಿ ಆದ ಮ್ಯಾಲ ಕಳಸಿದ್ರಲ್ರಿ, ಅದನ್ನ."

ಒತ್ತಿ ನೋಡಿದೆ. ಲಾಗಿನ್ ಆದವರನ್ನು ಮುಂದೆ ಎಲ್ಲಿಗೆ ಕಳಿಸಬೇಕೆಂಬುದು ಆ ವಿಳಾಸದಲ್ಲಿ ಪ್ರಶ್ನೆ ಚಿಹ್ನೆಯ ಮುಂದಿನ ಬಾಲದಲ್ಲಿರುತ್ತದೆ. ಕಾಯಿ ಒಡೆಯುವ ಮುಂಚೆ ಯಾರೂ ಒಳಗೆ ಹೋಗಕೂಡದೆಂದು ಕಾರ್ಯದರ್ಶಿಯವರು ಲಾಗಿನ್ ಪುಟವನ್ನೇ ಮತ್ತೆ ಮತ್ತೆ ತೆರೆದು ಕಾದಿದ್ದರು. ಹಾಗಾಗಿ ಬಾಲದಲ್ಲಿ ಆ ಲಾಗಿನ್ ಪುಟದ್ದೇ ವಿಳಾಸ ಕೂತಿತ್ತು. ನಾನು ದಿನಾ ಕೈಯಾರೆ ಟೈಪ್ ಮಾಡಿ ತೆರೆಯುವವನು, ನನಗದು ತಟ್ಟಿರಲಿಲ್ಲ.

"ಪ್ರಶ್ನೆ ಚಿಹ್ನೆಯಿಂದ ಮುಂದಿಂದೆಲ್ಲಾ ಅಳಸ್ರಿ ಅಕ್ಕೋರ, ಲಗೂನ!"

ಕೀಲಿಗಳ ಸದ್ದು ಕೇಳಿಸಿತು. "ಬಂತ್ರಿ ಸರ! ಒಳಗ ಬಂತು!" ಎಂದು ಕೂಗಿದರು. ಗೋಡೆಯ ಗಡಿಯಾರದಲ್ಲಿ ಐದು ದಾಟಿತ್ತು.

"ವರ್ಗಾವಣಿ ಒತ್ತಿದೆ... ಸರ, ಅವಧಿ ಮುಗಿದಿದೆ ಅಂತ ಬರಾಕತ್ತೈತಲ್ರಿ."

ಅವಧಿ ತೆರೆಯುವ ಅಧಿಕಾರ ನನಗಿಲ್ಲ. ಹಾಗಂತಲೇ ಹೇಳಿದೆ.

"ಇರ್ಲಿ ಬಿಡ್ರಿ ಸರ, ನಿಮಗ ಭಾಳ ತ್ರಾಸ ಕೊಟ್ಟೆ," ಎಂದರು. "ಮಗಳಿಗಿ ಬೆಳಿಗ್ಗೇನ ಫೋನಿನ್ಯಾಗ ಹೇಳಿಬಿಟ್ಟಿದ್ದೆ, ಇನ್ ದಿನಾ ನಿನ್ನ ಜಡಿ ನಾನ ಹಾಕ್ತೇನಿ ಅಂತ."