ಬೊಬ್ರುವಾಡದ ಬಾವಿ ನೀರು

1936ರಲ್ಲಿ ನಾನು ಕಾರವಾರದಲ್ಲಿ ಓವರ್‌ಸಿಯರ್. ಅಂಕೋಲೆ ಹತ್ತಿರದ ಬೊಬ್ರುವಾಡದಲ್ಲಿ ಹೆರಿಗೆ ಕೋಣೆಯೊಂದನ್ನು ಕಟ್ಟಿಸುವ ಕೆಲಸ ನನ್ನ ಪಾಲಿಗೆ ಬಂತು. ಹೆಂಚಿನ ಮನೆಗಳ ಆ ಊರಿಗೆ ಅದೇ ಮೊದಲ ಕಾಂಕ್ರೀಟ್ ಸ್ಲ್ಯಾಬು. ಗಾರೆ ಕೆಲಸದ ಬೊಮ್ಮಯ್ಯನ ಸೊಸೆ ಬಸುರಿ. ಮೊಮ್ಮಗು ಇದರಡಿಯಲ್ಲೇ ಹುಟ್ಟುತ್ತದೆಂದು ಆತ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

ನೀರು ಪಕ್ಕದ ಬಾವಿಯದು. ಮಳೆ ಮುಗಿದ ಹೊಸತರಲ್ಲಿ ಪರೀಕ್ಷಿಸಿದಾಗ ಸಿಹಿಯಾಗಿತ್ತು. ಆದರೆ ಭತ್ತ ಕೊಯ್ದ ಮೇಲೆ ಗಜನಿಯ, ಅಂದರೆ ಹಿನ್ನೀರಿನಂಚಿನ ಗದ್ದೆಯ, ಕಟ್ಟಿನ ಬಾಗಿಲು ತೆಗೆದು ಸಿಗಡಿಗಾಗಿ ಉಬ್ಬರದ ನೀರು ಬಿಡುವುದು ಅಲ್ಲಿಯ ರೂಢಿ. ಆ ಉಪ್ಪು ಬಾವಿಗೂ ಇಳಿಯುತ್ತದೆಂದು ನಾನು ಎಣಿಸಿರಲಿಲ್ಲ.

ಸ್ಲ್ಯಾಬ್ ಹಾಕುವ ದಿನ ಬಾಯಾರಿ ಆ ನೀರು ಕುಡಿದೆ. ನಾಲಿಗೆಗೆ ಉಪ್ಪು ಹತ್ತಿತು. ಕೆಲಸದವರೂ ಕುಡಿದು ನೋಡಿ ಸಿಹಿಯೇ ಎಂದರು, ಘಟ್ಟದ ಮೇಲಿನವರ ನಾಲಿಗೆ ನಾಜೂಕೆಂದು ನಕ್ಕರು. ಪ್ರತಿ ಬೇಸಿಗೆಯೂ ಅದನ್ನೇ ಕುಡಿದು ಬೆಳೆದವರಿಗೆ ಅದು ಸಿಹಿಯೇ.

ಹಸಿ ಕಾಂಕ್ರೀಟನ್ನು ಬಟ್ಟೆಯಲ್ಲಿ ಹಿಂಡಿ ನೀರು ತೆಗೆದೆ. ನೈಟ್ರಿಕ್ ಆಸಿಡ್ ಬೆರೆಸಿ ಸಿಮೆಂಟಿನ ಕ್ಷಾರ ಮುರಿದೆ. ಇಲ್ಲದಿದ್ದರೆ ಕಂದು ಬಣ್ಣ ಬಂದು ಮೋಸವಾಗುತ್ತದೆ. ಆಮೇಲೆ ಸಿಲ್ವರ್ ನೈಟ್ರೇಟಿನ ಹನಿ. ಉಪ್ಪು ಬಹಳವಿದ್ದರೆ ಒಡೆದ ಹಾಲಿನಂತೆ ಬಿಳಿ ಗಸಿ ಕಟ್ಟಬೇಕು. ಕಟ್ಟಿಯೇ ಬಿಟ್ಟಿತು.

ಬೊಮ್ಮಯ್ಯನನ್ನು ಕರೆದು ಹೇಳಿದೆ. ಉಪ್ಪು ಒಳಗಿನ ಸರಳಿಗೆ ತುಕ್ಕು ಹಿಡಿಸುತ್ತದೆ, ಉಬ್ಬಿದ ಸರಳು ಕಾಂಕ್ರೀಟನ್ನು ಸೀಳುತ್ತದೆ, ಅಷ್ಟರವರೆಗೂ ಹೊರಗೆ ಎಲ್ಲ ನೆಟ್ಟಗೇ ಕಾಣುತ್ತದೆ.

“ಬೀಳೂದು ಯಾವಾಗ, ಸಾಹೇಬ್ರೆ?”

“ಗೊತ್ತಿಲ್ಲ. ನನಗೆ ಹೆದರಿಕೆ ಅದೇ.”

ಆತ ಸಲಿಕೆ ಹಿಡಿದು, ಹಾಕಿದ್ದನ್ನೆಲ್ಲ ಕೆಳಗೆ ತಳ್ಳಿದ. ಆಗ ನನ್ನ ಕಣ್ಣು ಬಾಗಿಲ ಮೇಲಿನ ಲಿಂಟಲಿನ ಮೇಲೆ ಬಿತ್ತು. ನಾನು ಕಾರವಾರದಲ್ಲಿದ್ದಾಗ ಹಾಕಿದ್ದು. ಯಾವ ನೀರೆಂದು ಕೇಳಿದೆ. ಬೊಮ್ಮಯ್ಯ ಬೆವರೊರೆಸಿಕೊಂಡ.

“ಇದೇ ಬಾವೀದು. ಗಜನಿ ಬಾಗ್ಲು ತೆಗೆದಾದ್ಮೇಲೆ.”

ಹಸಿಯದನ್ನು ಹಿಂಡಿ ಕೇಳಬಹುದು. ಗಟ್ಟಿಯಾದದ್ದು ಒಡೆಯದೆ ಬಾಯಿ ಬಿಡದು. ಒಡೆಸಿದೆ. ಒಳಗಿನ ಪುಡಿ ನೆನೆಸಿ ಪರೀಕ್ಷಿಸಿದರೆ ಅದೇ ಬಿಳಿ ಗಸಿ.

ದೂರದ ಸಿಹಿನೀರು ತರಿಸಿ ಮತ್ತೆ ಕಟ್ಟುವಷ್ಟರಲ್ಲಿ ಬೊಮ್ಮಯ್ಯನ ಸೊಸೆಗೆ ಮನೆಯಲ್ಲೇ ನೋವು ಶುರುವಾಯಿತು. ಹೆರಿಗೆ ಕಷ್ಟದ್ದೆಂದು ಸುದ್ದಿ ಬಂತು. ಕೋಣೆ ಸಿದ್ಧವಿಲ್ಲದ್ದು ನನ್ನಿಂದಲೇ. ತಾಯಿ, ಮಗು ಇಬ್ಬರೂ ಉಳಿದರೆಂದು ತಿಳಿಯುವವರೆಗೆ ನಾನು ಊಟಕ್ಕೆ ಕೂರಲಿಲ್ಲ.

ಆದರೂ ಒಡೆಸಿದ್ದಕ್ಕೆ ಇಂದಿಗೂ ಪಶ್ಚಾತ್ತಾಪವಿಲ್ಲ. ಈ ವೃತ್ತಿಯಲ್ಲಿ ಹೆದರಬೇಕಾದವರು ಕಟ್ಟುವ ನಾವು, ಅದೂ ಕಾಂಕ್ರೀಟು ಹಸಿಯಿರುವಾಗಲೇ. ಆಗ ನಾವು ಹೆದರದಿದ್ದರೆ ಆ ಹೆದರಿಕೆ ಕೆಳಗೆ ಮಲಗುವವರ ಪಾಲಾಗುತ್ತದೆ.